ಲೇಡೀಸ್ ಮಾಡೆಲ್ ಬೇಡ

ಅಂಗಡಿಯವನು ಗಾಜಿನ ಕೌಂಟರ್ ಮೇಲೆ ಮರೂನ್ ಬಣ್ಣದ ಡಬ್ಬಿ ಇಟ್ಟ. ಬಂಗಾರದಂಗಡಿಯಲ್ಲಿ ನೆಕ್ಲೇಸ್ ತೋರಿಸುವ ಹಾಗೆ ನಿಧಾನಕ್ಕೆ ಮುಚ್ಚಳ ಎತ್ತಿದ. ಒಳಗೆ ಬೆಳ್ಳಿ ಬಣ್ಣದ ರಿವಾಲ್ವರ್.

"ಖಾಸ್ ಲೇಡೀಜ್‌ಸಾಠೀ, ಮ್ಯಾಡಮ್" ಅಂದ. ಹೆಂಗಸರಿಗೆ ಅಂತಲೇ ಮಾಡಿದ್ದು ಅಂತ.

ಅದರ ಹೆಸರು ನಿರ್ಭೀಕ್. ದೆಹಲಿಯ ನಿರ್ಭಯಾ ಪ್ರಕರಣ ಆಗಿ ಒಂದು ವರ್ಷಕ್ಕೆ, 2014ರ ಜನವರಿಯಲ್ಲಿ, ಕಾನ್ಪುರದ ಸರ್ಕಾರಿ ಕಾರ್ಖಾನೆ ಹೊರತಂದದ್ದು. ಆಗ ಅದರ ಬೆಲೆ 1,22,360 ರೂಪಾಯಿ. ಟೈಟಾನಿಯಂ ಮಿಶ್ರಲೋಹದ್ದು, ತೂಕ 525 ಗ್ರಾಂ. ಕೈಯಲ್ಲಿ ಹಿಡಿದರೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ಹಿಡಿದ ಹಾಗೆ. ನೋಡೋಕೆ ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ಡಬ್ಬಿ ಇನ್ನೂ ಚೆನ್ನಾಗಿತ್ತು.

ಎರಡು ನಿಮಿಷ ಹಿಡಿದು ವಾಪಸ್ ಇಟ್ಟೆ. "ಇದಕ್ಕಿಂತ ಭಾರದ್ದು ತೋರಿಸಿ" ಅಂದೆ. ಅವನು ನನ್ನ ಬಳೆ ನೋಡಿದ, ಮುಖ ನೋಡಿದ, ನನ್ನ ಪಕ್ಕದಲ್ಲಿ ಯಾರಾದರೂ ಗಂಡಸರು ಇದ್ದಾರಾ ಅಂತ ನೋಡಿದ. ಯಾರೂ ಇರಲಿಲ್ಲ.

ಭಾರದ್ದೇ ಬೇಕು ಅನ್ನುವಷ್ಟು ತಿಳಿಯೋಕೆ ನನಗೆ ವರ್ಷದ ಮೇಲೆ ಹಿಡಿದಿತ್ತು.

ನಮ್ಮದು ಪುಣೆಯ ಸೊಲ್ಲಾಪುರ ರಸ್ತೆಯಲ್ಲಿ ಒಂದು ಪೆಟ್ರೋಲ್ ಪಂಪ್. ನನ್ನ ತವರೂರು ಧಾರವಾಡ. ಮದುವೆಯಾಗಿ ಪುಣೆಗೆ ಬಂದು ಇಪ್ಪತ್ತೊಂದು ವರ್ಷ. ಯಜಮಾನರು ತೀರಿಕೊಂಡ ಮೇಲೆ ಪಂಪ್ ನಾನೇ ನೋಡಿಕೊಳ್ಳುತ್ತೇನೆ. ಮನೆ ಹಡಪ್ಸರದಲ್ಲಿ. ಮನೆಯಲ್ಲಿ ಅತ್ತೆ, ಕಾಲೇಜಿಗೆ ಹೋಗುವ ಮಗ, ನಾನು. ಈಗ ಎಲ್ಲರೂ ಫೋನ್‌ನಲ್ಲೇ ದುಡ್ಡು ಕಟ್ಟುತ್ತಾರೆ ಅಂತ ನೀವಂದುಕೊಂಡಿರಬಹುದು. ಲಾರಿಯವರು, ಟ್ರಾಕ್ಟರಿನವರು ಇನ್ನೂ ನೋಟೇ ಕೊಡುತ್ತಾರೆ. ಬ್ಯಾಂಕಿಗೆ ಎರಡು ದಿನ ರಜೆ ಬಂದರೆ ಸಾಕು, ಚೀಲ ತುಂಬುತ್ತದೆ.

2021ರ ದೀಪಾವಳಿಯಲ್ಲಿ ಮೂರು ದಿನದ ಕಲೆಕ್ಷನ್ ಕಾರಿನಲ್ಲಿಟ್ಟುಕೊಂಡು ರಾತ್ರಿ ಹೊರಟಿದ್ದೆ. ಹಿಂದೆ ಒಂದು ಬೈಕು, ಇಬ್ಬರು. ನಾನು ನಿಧಾನ ಮಾಡಿದರೆ ಅವರೂ ನಿಧಾನ. ಬೇಕಂತಲೇ ಒಂದು ಗಲ್ಲಿಗೆ ತಿರುಗಿದೆ, ಅವರೂ ತಿರುಗಿದರು. ಕೊನೆಗೆ ಕಾರನ್ನು ಸೀದಾ ಪೊಲೀಸ್ ಚೌಕಿಯ ಮುಂದೆ ನಿಲ್ಲಿಸಿ ಹಾರ್ನ್ ಒತ್ತಿ ಹಿಡಿದೆ. ಬೈಕು ಮುಂದೆ ಹೋಯಿತು. ಅಷ್ಟೇ ಆದದ್ದು. ಆದರೆ ಮನೆಗೆ ಬಂದು ನೀರು ಕುಡಿಯಲು ಹೋದರೆ ಲೋಟ ಹಲ್ಲಿಗೆ ಬಡಿಯುತ್ತಿತ್ತು.

ಬಂದೂಕು ಅಂದರೆ ನನಗೆ ಗೊತ್ತಿದ್ದದ್ದು ಅಜ್ಜನ ಮನೆಯ ಜೋಡುನಳಿಗೆ ಕೋವಿ ಮಾತ್ರ. ಹೊಲಕ್ಕೆ ಹಂದಿ ಬಂದರೆ ಆಕಾಶಕ್ಕೆ ಒಂದು ಢಂ. ನಾವು ಮಕ್ಕಳು ಅದನ್ನು ಮುಟ್ಟಿದರೆ ಬೆನ್ನಿಗೆ ಎರಡು.

ಲೈಸೆನ್ಸ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಅದರಲ್ಲಿ ಸ್ವಾರಸ್ಯ ಕಡಿಮೆ. ನಗರದಲ್ಲಿ ಪೊಲೀಸ್ ಕಮಿಷನರ್, ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಕೊಡುತ್ತಾರೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಎ-1 ಅನ್ನುವ ಅರ್ಜಿ. ವಯಸ್ಸು 21 ತುಂಬಿರಬೇಕು. ಆಧಾರ್, ಆದಾಯ ತೆರಿಗೆ ಕಾಗದ, ದೇಹ ಮತ್ತು ಮನಸ್ಸು ಎರಡೂ ಸರಿ ಇದೆ ಅಂತ ಡಾಕ್ಟರ್ ಸರ್ಟಿಫಿಕೇಟ್. ಗನ್ ಹಿಡಿಯೋದು, ಇಡೋದು ಕಲಿತಿದ್ದೀನಿ ಅಂತ ತರಬೇತಿಯ ಸರ್ಟಿಫಿಕೇಟ್ ಕೂಡ ಬೇಕು. ಬೇಕು ಅಂದವರಿಗೆಲ್ಲ ಕೊಡುವುದಿಲ್ಲ. ಜೀವಕ್ಕೆ ಅಪಾಯ ಇದೆ, ಇಲ್ಲವೇ ಮಾಡುವ ಕೆಲಸಕ್ಕೆ ನಿಜವಾಗಿ ಅಗತ್ಯ ಇದೆ ಅಂತ ತೋರಿಸಬೇಕು. ನಾನು ಪಂಪಿನ ಲೆಕ್ಕಪತ್ರ, ಅವತ್ತು ಚೌಕಿಯಲ್ಲಿ ಬರೆಸಿದ ದೂರಿನ ಪ್ರತಿ ಎಲ್ಲ ಲಗತ್ತಿಸಿದೆ.

ವಿಚಾರಣೆಗೆ ಪೊಲೀಸರು ಬಂದಾಗ ಎದುರುಮನೆಯ ಕಾಕೂ ಗಾಬರಿಯಾಗಿ "ಹಿಚೀ ಕಾಯ್ ಕೇಸ್ ಆಹೇ?" (ಇವಳ ಮೇಲೇನು ಕೇಸು?) ಅಂತ ಅವರನ್ನೇ ಕೇಳಿದರಂತೆ. ವಾರವಿಡೀ ಸೊಸೈಟಿಯಲ್ಲಿ ನಾನು ಕೇಸಿನ ಹೆಂಗಸು. 2022ರ ಆಗಸ್ಟ್‌ನಲ್ಲಿ ಅರ್ಜಿ ಹಾಕಿದ್ದು, 2023ರ ಜೂನ್‌ನಲ್ಲಿ ಲೈಸೆನ್ಸ್ ಕೈಗೆ ಬಂತು. ಐದು ವರ್ಷದ್ದು. ಸಂದರ್ಶನದಲ್ಲಿ ಒಬ್ಬರು ಕೇಳಿದ ಪ್ರಶ್ನೆ ಮಾತ್ರ ನೆನಪಿದೆ: "ನಿಮ್ಮ ಕೈಯಿಂದ ಅವನು ಕಿತ್ತುಕೊಂಡರೆ?" ಆಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ ಹುಡುಕಿಕೊಟ್ಟವರು ಸುಭೇದಾರರು.

ಬಾಲೇವಾಡಿಯಲ್ಲಿ ದೊಡ್ಡ ಶೂಟಿಂಗ್ ರೇಂಜ್ ಇದೆ. 2008ರ ಕಾಮನ್‌ವೆಲ್ತ್ ಯೂತ್ ಗೇಮ್ಸ್ ನಡೆದ ಜಾಗ. ಆದರೆ ಹಡಪ್ಸರದಿಂದ ಅಲ್ಲಿಗೆ ಹೋಗೋದು ಅಂದರೆ ಸಂಜೆ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ. ಹಾಗಾಗಿ ನಮ್ಮ ಕಡೆಯೇ ಇರುವ ಒಂದು ಚಿಕ್ಕ ಕ್ಲಬ್ಬಿಗೆ ಸದಸ್ಯೆಯಾದೆ. ಅಲ್ಲಿ ಕಲಿಸುವವರೇ ಈ ಸುಭೇದಾರರು, ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಇದ್ದು ನಿವೃತ್ತರಾದವರು. ಆ ರೆಜಿಮೆಂಟಿನ ತರಬೇತಿ ಕೇಂದ್ರ ಇರುವುದು ಬೆಳಗಾವಿಯಲ್ಲಿ. ಇವರ ಊರೂ ಬೆಳಗಾವಿ ಕಡೆಯದ್ದೇ. ಮೊದಲ ದಿನ ಮರಾಠಿಯಲ್ಲಿ ಮಾತಾಡುತ್ತಾ ನಾನು ಬಾಯಿತಪ್ಪಿ "ಹೌದ್ರಿ" ಅಂದೆ. ಅಷ್ಟೇ, ಅಲ್ಲಿಂದ ಮುಂದೆ ಕನ್ನಡವೇ.

"ಬಾಯಾರ, ಯಾವ ಗನ್ ತಗೋಳ್ಳಿ ಅಂತ ಆಮ್ಯಾಲೆ ಕೇಳ್ರಿ. ಮೊದಲ ಕೈ ಕೊಡ್ರಿ ಇಲ್ಲೆ" ಅಂದರು.

ಜಾತ್ರೆಯಲ್ಲಿ ಬಳೆಗಾರ ಅಂಗೈ ಒತ್ತಿ ಅಳತೆ ನೋಡುತ್ತಾನಲ್ಲ, ಥೇಟ್ ಹಾಗೇ ನೋಡಿದರು. ಹೆಬ್ಬೆರಳಿನ ಬುಡದಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ಎಷ್ಟಿದೆ ಅಂತ. ಹಿಡಿಕೆಯ ಹಿಂಭಾಗ ಅಂಗೈಗೆ ಸರಿಯಾಗಿ ಕೂತಾಗ ತೋರುಬೆರಳಿನ ತುದಿಯ ಮೆತ್ತನೆ ಭಾಗ ಟ್ರಿಗರ್ ಮೇಲೆ ಬರಬೇಕಂತೆ. ಬೆರಳು ಎಟುಕದಿದ್ದರೆ ಹಿಡಿತ ವಾಲುತ್ತದೆ, ಗುಂಡು ಪಕ್ಕಕ್ಕೆ ಹೋಗುತ್ತದೆ. ಹಿಡಿಕೆ ತೀರಾ ಗಿಡ್ಡ ಇದ್ದರೆ ಕಿರುಬೆರಳಿಗೆ ಜಾಗ ಇರುವುದಿಲ್ಲ. "ಸಣ್ಣ ಕೈಗೆ ಸಣ್ಣ ಗನ್" ಅನ್ನೋದು ಅರ್ಧ ಸರಿ, ಅರ್ಧ ತಪ್ಪು ಅಂತ ಗೊತ್ತಾದದ್ದು ಆವತ್ತೇ.

ಆಮೇಲೆ ಕಣ್ಣು. ಎರಡೂ ಕೈ ಚಾಚಿ, ಬೆರಳುಗಳ ನಡುವೆ ಒಂದು ಕಿಂಡಿ ಮಾಡಿ, ಅದರೊಳಗಿಂದ ಗೋಡೆಯ ಗಡಿಯಾರ ನೋಡಲು ಹೇಳಿದರು. ಎಡಗಣ್ಣು ಮುಚ್ಚಿದರೆ ಗಡಿಯಾರ ಮಾಯ. ಬಲಗಣ್ಣು ಮುಚ್ಚಿದರೆ ಅಲ್ಲೇ ಇದೆ. ಅಂದರೆ ನಾನು ಬಲಗೈಯವಳು, ಆದರೆ ಗುರಿ ನೋಡುವುದು ಎಡಗಣ್ಣು. ನಲವತ್ತಮೂರು ವರ್ಷ ಇದೇ ಕಣ್ಣಿಟ್ಟುಕೊಂಡು ಬದುಕಿದ್ದೇನೆ, ಗೊತ್ತೇ ಇರಲಿಲ್ಲ. ತಲೆ ಚೂರು ಬಲಕ್ಕೆ ತಿರುಗಿಸಿ ಗನ್ನನ್ನು ಎಡಗಣ್ಣಿನ ಮುಂದೆ ತಂದರೆ ಸರಿಹೋಗುತ್ತದೆ. ಅಷ್ಟನ್ನು ಮೊದಲೇ ಯಾರಾದರೂ ಹೇಳದೇ ಹೋದರೆ ಆರು ತಿಂಗಳು ಗನ್ನನ್ನೇ ಬೈಯುತ್ತಾ ಕೂರಬೇಕಾಗುತ್ತಿತ್ತು.

ಮೊದಲ ಎರಡು ತಿಂಗಳು ಏರ್ ಪಿಸ್ತೂಲ್. 4.5 ಮಿಲಿಮೀಟರ್ ಸೀಸದ ಗುಳಿಗೆ, ಹತ್ತು ಮೀಟರ್ ದೂರ. ಸದ್ದಿಲ್ಲ, ಒದೆತ ಇಲ್ಲ. ನಳಿಗೆಯ ತುದಿಯ ಗುರಿಮೊನೆ ಚೊಕ್ಕ ಕಾಣಬೇಕು, ಹಲಗೆ ಮಸುಕಾದರೂ ಪರವಾಗಿಲ್ಲ ಅನ್ನೋದು ತಲೆಗೆ ಇಳಿಯೋಕೆ ಅಷ್ಟು ದಿನ ಬೇಕಾಯಿತು. ಗೋಡೆ ಮೇಲೆ ಕೊಲ್ಹಾಪುರದ ರಾಹಿ ಸರ್ನೋಬತ್ ಫೋಟೋ ಇತ್ತು. 2018ರ ಏಷ್ಯನ್ ಗೇಮ್ಸ್‌ನಲ್ಲಿ 25 ಮೀಟರ್ ಪಿಸ್ತೂಲಿನಲ್ಲಿ ಚಿನ್ನ ಗೆದ್ದಾಕೆ. ನನ್ನ ಗುಳಿಗೆಗಳು ಹಲಗೆ ಬಿಟ್ಟು ಫೋಟೋ ಕಡೆಗೇ ಹೋಗುತ್ತಿವೆಯೇನೋ ಅನ್ನಿಸುತ್ತಿತ್ತು.

ನಂತರ .22 ಪಿಸ್ತೂಲು, ಅಂದರೆ ಬೋರ್ (ನಳಿಗೆಯ ಒಳ ಅಗಲ) 0.22 ಇಂಚು. ಇಲ್ಲಿ ನನ್ನ ದೊಡ್ಡ ತಪ್ಪು ಹೇಳಲೇಬೇಕು. ಕಾಲರ್ ಇರುವ ಅಂಗಿ ಹಾಕ್ಕೊಂಡು ಬನ್ನಿ ಅಂತ ಸುಭೇದಾರರು ಹೇಳಿದ್ದರು. ನಾನು ಪಂಪಿನಿಂದ ಸೀದಾ ಬಂದವಳು, ಅಗಲ ಕುತ್ತಿಗೆಯ ಕುರ್ತಾದಲ್ಲೇ ನಿಂತೆ. ಪಿಸ್ತೂಲು ಪ್ರತಿ ಸಲ ಹೊಡೆದಾಗಲೂ ಕಾಡತೂಸಿನ ಖಾಲಿ ಕೊಳವೆ ಬಿಸಿಬಿಸಿಯಾಗಿ ಪಕ್ಕಕ್ಕೆ ಎಗರುತ್ತದೆ. ಮೂರನೇ ಹೊಡೆತಕ್ಕೆ ಒಂದು ಕೊಳವೆ ಸೀದಾ ಕುತ್ತಿಗೆಯೊಳಗೆ ಬಿತ್ತು. ಒಗ್ಗರಣೆಯ ಎಣ್ಣೆ ಸಿಡಿದ ಹಾಗೆ, ಆದರೆ ಸಿಡಿದು ಹೋಗುವುದಿಲ್ಲ, ಅಲ್ಲೇ ಕೂರುತ್ತದೆ. ನಾನು "ಅಯ್ಯಯ್ಯೋ" ಅಂತ ಎಡಗೈಯಲ್ಲಿ ಕುರ್ತಾ ಜಾಡಿಸುತ್ತಾ ತಿರುಗಿದೆ. ನನ್ನ ಜೊತೆ ಪಿಸ್ತೂಲೂ ತಿರುಗಿತು. ಸುಭೇದಾರರ ಕೈ ನನ್ನ ಮಣಿಕಟ್ಟಿನ ಮೇಲೆ ಬಿದ್ದದ್ದು ನನಗೆ ಗೊತ್ತಾಗುವ ಮೊದಲೇ ನಳಿಗೆ ಮತ್ತೆ ಮಣ್ಣಿನ ದಿಬ್ಬದ ಕಡೆಗೆ ತಿರುಗಿತ್ತು.

ಅವರು ಬೈಯಲಿಲ್ಲ. ಗನ್ ಖಾಲಿ ಮಾಡಿಸಿ, ಕೆಳಗಿಡಿಸಿ, ನೀರು ಕೊಟ್ಟು ಹೇಳಿದರು: "ಸುಟ್ರ ಸುಡವಲ್ದ್ಯಾಕ. ನಳಿಗಿ ತಿರುಗಬಾರ್ದು. ಮೈಗೆ ಬೆಂಕಿ ಬಿದ್ರೂ ನಳಿಗಿ ಮುಂದ."

ಬರೆಯೋದು ಅಂದರೆ ನಾಲ್ಕೇ ನಿಯಮ. ಪ್ರತಿ ಗನ್ನೂ ಲೋಡ್ ಆಗಿದೆ ಅಂತಲೇ ತಿಳಿ. ಹೊಡೆಯಬಾರದ ಕಡೆ ನಳಿಗೆ ತಿರುಗಿಸಬೇಡ. ಹೊಡೆಯುವ ಹೊತ್ತಿನ ತನಕ ಬೆರಳು ಟ್ರಿಗರ್ ಹೊರಗಿರಲಿ. ಗುರಿಯ ಹಿಂದೆ ಏನಿದೆ ನೋಡು. ಇವನ್ನು ಮೊದಲ ದಿನವೇ ಬಾಯಿಪಾಠ ಮಾಡಿದ್ದೆ. ಎದೆ ಮೇಲಿನ ಆ ಸಣ್ಣ ಕಲೆ ಇನ್ನೂ ಇದೆ, ಎರಡನೇ ನಿಯಮ ಈಗ ಮರೆಯುವುದಿಲ್ಲ.

ಕೊನೆಗೆ .32. ನಮ್ಮಂಥವರಿಗೆ ಹೆಚ್ಚಾಗಿ ಸಿಗುವುದು ಇದೇ. ಸಿನಿಮಾದಲ್ಲಿ ನೋಡುವ 9 ಎಂಎಂ ಪಿಸ್ತೂಲು ಇಲ್ಲಿ ನಿಷೇಧಿತ ಬೋರ್, ಸಾಮಾನ್ಯರಿಗೆ ಕೊಡುವುದಿಲ್ಲ. ವಿದೇಶಿ ಗನ್ನುಗಳ ಆಮದು ಸಾಮಾನ್ಯರಿಗೆ 1980ರ ದಶಕದಲ್ಲೇ ನಿಂತಿದೆ. ಹಾಗಾಗಿ ಹಳೇ ವಾಲ್ಥರ್, ವೆಬ್ಲಿಗಳು ಕೈಯಿಂದ ಕೈಗೆ ಲಕ್ಷಗಟ್ಟಲೆ ಬೆಲೆಗೆ ಓಡಾಡುತ್ತವೆ. ಉಳಿದವರಿಗೆ ಹೆಚ್ಚಾಗಿ ಸರ್ಕಾರಿ ಕಾರ್ಖಾನೆಯ ಮಾಲೇ. .32ರಲ್ಲೂ ರಿವಾಲ್ವರಿನ ಕಾಡತೂಸು ಬೇರೆ, ಪಿಸ್ತೂಲಿನದ್ದು ಬೇರೆ. ನಂಬರ್ ಒಂದೇ ಇದೆ ಅಂತ ಅದಲುಬದಲು ಮಾಡುವ ಹಾಗಿಲ್ಲ. ಸುಭೇದಾರರು ಒಂದು ಖಾಲಿ ಕೊಳವೆಯ ಬುಡ ತೋರಿಸಿದರು. "ಕೆಎಫ್" ಅಂತ ಅಚ್ಚು. ಕಿರ್ಕೀ ಫ್ಯಾಕ್ಟರಿ, ಅಂದರೆ ನಮ್ಮ ಪುಣೆಯ ಖಡ್ಕಿಯದ್ದು. 1869ರಿಂದ ಇರುವ ಕಾಡತೂಸಿನ ಕಾರ್ಖಾನೆ. ಎಷ್ಟೋ ಸಲ ಅದರ ಮುಂದಿನಿಂದ ಹೋಗಿದ್ದೇನೆ, ಒಳಗೆ ಏನು ಮಾಡುತ್ತಾರೆ ಅಂತ ಯೋಚಿಸಿರಲಿಲ್ಲ.

ಕ್ಲಬ್ಬಿನದ್ದೇ ಒಂದು ಹಳೇ ರಿವಾಲ್ವರ್ ಇತ್ತು. ಅದರ ಟ್ರಿಗರ್ ಎಳೆಯುವುದು ಅಂದರೆ ಐದು ಕಿಲೋ ಅಕ್ಕಿ ಚೀಲವನ್ನು ತೋರುಬೆರಳಿಗೆ ತೂಗುಹಾಕಿಕೊಂಡ ಹಾಗೆ. ಹಿಂದಿನ ಕುದುರೆಯನ್ನು, ಅಂದರೆ ಕಾಡತೂಸಿಗೆ ಬಡಿಯುವ ಸುತ್ತಿಗೆಯನ್ನು, ಹೆಬ್ಬೆರಳಿನಿಂದ ಹಿಂದಕ್ಕೆಳೆದು ಹೊಡೆದರೆ ಬೆಣ್ಣೆ. ಆದರೆ ಗಾಬರಿಯಲ್ಲಿದ್ದಾಗ ಬೆಣ್ಣೆಯಂಥ ಟ್ರಿಗರ್ ಒಳ್ಳೇದಲ್ಲ, ಬೆಚ್ಚಿದರೂ ಗುಂಡು ಹಾರುತ್ತದೆ. ಹಾಗಾಗಿ ಗಟ್ಟಿ ಎಳೆತದಲ್ಲೇ ಅಭ್ಯಾಸ.

ಹತ್ತು ದಿನ ಆದರೂ ನನ್ನ ಗುಂಡೆಲ್ಲ ಕೆಳಗೆ, ಎಡಕ್ಕೆ. "ಗನ್ ಸರಿಯಿಲ್ಲ" ಅಂದೆ. ಸುಭೇದಾರರು ನಕ್ಕು, ನನಗೆ ಬೆನ್ನು ತಿರುಗಿಸಿ ಕಾಡತೂಸು ಕೂರುವ ಚಕ್ರಿಯ ಆರು ಮನೆಗಳಲ್ಲಿ ಏನೋ ತುಂಬಿ ಕೊಟ್ಟರು. ಮೊದಲನೆಯದು ಢಂ. ಎರಡನೆಯದು ಎಳೆದೆ. ಬರೀ "ಟಕ್" ಅಂತು. ಆ ಟಕ್ ಜೊತೆಗೆ ನಳಿಗೆಯ ಮೂತಿ ಗಬಕ್ಕನೆ ಎರಡು ಇಂಚು ಕೆಳಗೆ ಹೋಯಿತು. ಸದ್ದಿಲ್ಲ, ಒದೆತ ಇಲ್ಲ, ಸುಮ್ನೆ ನನ್ನ ಕೈಯೇ ತಳ್ಳಿತ್ತು. ಅವರು ನಡುನಡುವೆ ಖಾಲಿ ಕೊಳವೆ ತುಂಬಿದ್ದರು. ಢಂ ಬರುತ್ತದೆ ಅಂತ ಕೈ ಮೊದಲೇ ಹೆದರಿ ಕೆಳಗೆ ಒತ್ತುತ್ತದೆ. ಗನ್ ಸರಿಯಾಗೇ ಇತ್ತು.

ಆ ಹೆದರಿಕೆ ಬಿಡಿಸೋಕೆ ಮನೆಯಲ್ಲಿ ಮಾಡುವ ಅಭ್ಯಾಸ ಒಂದಿದೆ. ಖಾಲಿ ರಿವಾಲ್ವರಿನ ಮೇಲೆ, ಗುರಿಮೊನೆಯ ಹಿಂದೆ, ಒಂದು ರೂಪಾಯಿ ನಾಣ್ಯ ಇಟ್ಟು, ಅದು ಬೀಳದ ಹಾಗೆ ಟ್ರಿಗರ್ ಎಳೆಯಬೇಕು. ನನ್ನದು ಬಂದ ಮೇಲೆ ತಿಂಗಳುಗಟ್ಟಲೆ ಅದನ್ನು ಮಾಡಿದೆ. ರಾತ್ರಿ ಹತ್ತರ ಮೇಲೆ ನಮ್ಮನೆಯಲ್ಲಿ ಠಣ್, ಠಣ್ ಅಂತ ನಾಣ್ಯ ಬೀಳುವ ಸದ್ದು. ಅತ್ತೆ ಒಳಗಿಂದ "ಇನ್ನೂ ರೊಕ್ಕಾ ಎಣಸಾಕತ್ತೀ ಏನವಾ?" ಅನ್ನುತ್ತಿದ್ದರು.

ಪಿಸ್ತೂಲೋ ರಿವಾಲ್ವರೋ? ನನಗೆ ಮನಸ್ಸಿನಲ್ಲಿ ಪಿಸ್ತೂಲೇ ಇತ್ತು. ಚಪ್ಪಟೆ, ಪರ್ಸಿನಲ್ಲಿ ಉಬ್ಬುವುದಿಲ್ಲ. ಆದರೆ ಮೊದಲ ಕಾಡತೂಸನ್ನು ನಳಿಗೆಗೆ ಏರಿಸಲು ಅದರ ಮೇಲಿನ ಜಾರುಭಾಗ, ಅಂದರೆ ಸ್ಲೈಡ್, ಹಿಂದಕ್ಕೆಳೆಯೋಕೆ ಮೊದಮೊದಲು ನನಗೆ ಆಗಲೇ ಇಲ್ಲ. ಬೆರಳಿನಿಂದ ಜಗ್ಗಬೇಡಿ, ಗನ್ ಎದೆ ಹತ್ತಿರ ತಂದು, ಸ್ಲೈಡನ್ನು ಮೇಲಿಂದ ಇಡೀ ಅಂಗೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಗನ್ನನ್ನು ಮುಂದಕ್ಕೆ ತಳ್ಳಿ ಅಂದರು. ಬಂತು. ಇದು ಶಕ್ತಿಯ ಮಾತಲ್ಲ, ಪಟ್ಟಿನ ಮಾತು. ಆದರೂ ಮಣಿಕಟ್ಟು ಸಡಿಲ ಬಿಟ್ಟಾಗೆಲ್ಲ ಕೊಳವೆ ಹೊರಗೆ ಹಾರದೆ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಬಿಡಿಸೋಕೆ ಎರಡೂ ಕೈ ಬೇಕು, ತಲೆ ತಣ್ಣಗಿರಬೇಕು. ರಿವಾಲ್ವರ್ ಹಾಗಲ್ಲ. ಒಂದು ಕಾಡತೂಸು ಠುಸ್ ಆದರೆ ಮತ್ತೊಮ್ಮೆ ಟ್ರಿಗರ್ ಎಳೆಯಿರಿ, ಚಕ್ರಿ ತಿರುಗಿ ಮುಂದಿನದು ಬರುತ್ತದೆ. ಲೋಡ್ ಆಗಿದೆಯಾ ಇಲ್ಲವಾ ಅಂತ ತೆರೆದು ನೋಡಿದರೆ ಕಣ್ಣಿಗೇ ಕಾಣುತ್ತದೆ. ವಾರಕ್ಕೊಮ್ಮೆ ಮಾತ್ರ ರೇಂಜಿಗೆ ಬರಲು ಆಗುವ ನನ್ನಂಥವಳಿಗೆ ರಿವಾಲ್ವರೇ ಸರಿ. ದಿನಾ ಬರುವವರು ಬೇರೆ ಹೇಳಬಹುದು.

ಇಷ್ಟರಲ್ಲಿ ಒಂದು ಸಂಜೆ ಸುಭೇದಾರರು ಸೀಮೆಸುಣ್ಣ ಹಿಡಿದು ಬಂದರು. ನನ್ನ ಕೈಗೆ ಮರದ ರಿವಾಲ್ವರ್ ಕೊಟ್ಟು ಪರ್ಸಿನಲ್ಲಿ ಹಾಕಿ ಝಿಪ್ ಎಳೆದುಕೊಳ್ಳಿ ಅಂದರು. ತಾವು ಏಳು ಮೀಟರ್ ಆಚೆ ನಿಂತರು. "ನಾ ಓಡಿ ಬರ್ತೀನಿ. ತಗದ ನನಗ ತೋರ್ಸ್ರಿ, ಸಾಕು." ವಯಸ್ಸು ಅರವತ್ತರ ಮೇಲಾದ ಮನುಷ್ಯ. ನನ್ನ ಝಿಪ್ ಅರ್ಧ ತೆಗೆಯುವುದರೊಳಗೆ ಕುರ್ತಾದ ಮೇಲೆ ಸೀಮೆಸುಣ್ಣದ ಗೆರೆ. ಎರಡನೇ ಸಲವೂ ಗೆರೆ. ಐದನೇ ಸಲ ಝಿಪ್ ಮೊದಲೇ ತೆಗೆದು ಕೈ ಒಳಗಿಟ್ಟುಕೊಂಡೇ ನಿಂತೆ. ಆಗ ಹೊರಗೆ ಬಂತು, ಅದೂ ಅವರು ಮೈಮೇಲೆ ಬಂದಾಗ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಮಾಡಿದ ಮೊದಲ ಕೆಲಸ, ಪಂಪಿಗೆ ಬಂದು ಹಣ ಒಯ್ಯುವ ಕ್ಯಾಶ್ ವ್ಯಾನಿನ ಕಂಪನಿಗೆ ಫೋನ್. ತಿಂಗಳಿಗೆ ಇಷ್ಟು ಅಂತ ಖರ್ಚು, ಅದಕ್ಕೇ ಇಷ್ಟು ದಿನ ಜಿಪುಣತನ ಮಾಡಿದ್ದೆ. ನನ್ನ ಕಾರಿನಲ್ಲಿ ದೊಡ್ಡ ಹಣ ಹೋಗುವುದು ಅವತ್ತೇ ನಿಂತಿತು. ಹಾಗಾದರೆ ಗನ್ ಯಾಕೆ ಅಂತ ಮಗ ಕೇಳಿದ. ರಾತ್ರಿ ಹನ್ನೊಂದಕ್ಕೆ ಪಂಪ್ ಮುಚ್ಚಿ ಒಬ್ಬಳೇ ಬರುವವಳು ನಾನು, ನನ್ನ ಹತ್ತಿರ ದುಡ್ಡಿಲ್ಲ ಅಂತ ಬೈಕಿನವರಿಗೆ ಹೇಗೆ ಗೊತ್ತಾಗಬೇಕು?

ಆತ್ಮರಕ್ಷಣೆಯ ಕಾನೂನು ಹೇಳಿಕೊಟ್ಟವರು ನಮ್ಮ ವಕೀಲರು. ಆಗ ಅದು ಐಪಿಸಿಯ 96ರಿಂದ 106ನೇ ಸೆಕ್ಷನ್. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44. ಜೀವಕ್ಕೆ, ಮಾನಕ್ಕೆ ಅಪಾಯ ಬಂದಾಗ, ಆಸಿಡ್ ಎರಚಲು ಬಂದಾಗ, ತಡೆಯುವ ಹಕ್ಕು ಸಾವಿನವರೆಗೂ ಹೋಗಬಹುದು. ಆದರೆ ಅಗತ್ಯಕ್ಕಿಂತ ಜಾಸ್ತಿ ಹಾನಿ ಮಾಡುವ ಹಾಗಿಲ್ಲ, ಪೊಲೀಸರ ಹತ್ತಿರ ಹೋಗಲು ಸಮಯ ಇದ್ದರೆ ಆ ಹಕ್ಕೇ ಇಲ್ಲ. ಚೀಲ ಕಿತ್ತುಕೊಂಡು ಓಡುವವನ ಬೆನ್ನಿಗೆ ಹೊಡೆದರೆ? "ಆಗ ನಾನು ನಿಮ್ಮನ್ನು ಕೋರ್ಟಿನಲ್ಲಿ ಭೇಟಿಯಾಗುತ್ತೇನೆ" ಅಂದರು ವಕೀಲರು.

ಇಷ್ಟೆಲ್ಲ ತಲೆಯಲ್ಲಿ ಇಟ್ಟುಕೊಂಡು ಆ ಅಂಗಡಿಗೆ ಹೋದದ್ದು. ಮರೂನ್ ಡಬ್ಬಿಯ ಪಕ್ಕದಲ್ಲಿ ಅವನು .22ರ ನಿಡರ್ ಅನ್ನುವ ರಿವಾಲ್ವರ್ ಕೂಡ ತೋರಿಸಿದ. ಕಾಲು ಕಿಲೋ ತೂಕ, ಮೊಬೈಲಿನ ಹಾಗೆ. ಎರಡನ್ನೂ ಹಿಡಿದಾಗ ನನಗೆ ನೆನಪಾದದ್ದು ಅಮ್ಮನ ಮನೆಯ ಒನಕೆಗಳು. ಮಕ್ಕಳಿಗೆ ಅಂತ ಒಂದು ಹಗುರ ಒನಕೆ ಇತ್ತು. ಅದರಲ್ಲಿ ಕುಟ್ಟಿದರೆ ಮಣಿಕಟ್ಟು ಜುಮ್ಮೆನ್ನುತ್ತಿತ್ತು, ಅವಲಕ್ಕಿ ಮಾತ್ರ ಆಗುತ್ತಿರಲಿಲ್ಲ. ದೊಡ್ಡ ಒನಕೆ ಎತ್ತೋದು ಕಷ್ಟ, ಆದರೆ ಪೆಟ್ಟನ್ನು ತಾನೇ ನುಂಗುತ್ತದೆ. ಗನ್ನಿಗೂ ಅದೇ ಲೆಕ್ಕ. ಅದೇ .32 ಕಾಡತೂಸು, ಗನ್ ಹಗುರ ಆದಷ್ಟೂ ಒದೆತ ಕೈಗೆ ಜಾಸ್ತಿ. ಒದೆತಕ್ಕೆ ಹೆದರಿ ಮೂತಿ ಕೆಳಗೊತ್ತುವ ಕೈ ನನ್ನದು. ಹಗುರ ಗನ್ ಹೊರೋಕೆ ಸುಖ. ದಿನವಿಡೀ ಹೊರುವವರು, ಪಳಗಿದ ಕೈಯವರು ಅದನ್ನೇ ತಗೊಳ್ಳಲಿ. ಹೆಂಗಸು ಅಂದಕೂಡಲೇ ಹಗುರದ್ದು, ಚಿಕ್ಕದು, ಚಂದದ್ದು ಅಂತ ಮುಂದೆ ತಳ್ಳುವುದು ಮಾತ್ರ ನನಗೆ ಸೇರಲಿಲ್ಲ. ಸ್ಕೂಟರ್ ಕೊಳ್ಳುವಾಗಲೂ ಹೀಗೇ ಮಾಡಿದ್ದರು.

ನಾನು ಆರಿಸಿದ್ದು ಪ್ರಬಲ್ ಅನ್ನುವ ರಿವಾಲ್ವರ್. 2023ರ ಆಗಸ್ಟ್‌ನಲ್ಲಷ್ಟೇ ಕಾನ್ಪುರದಿಂದ ಬಂದಿತ್ತು. ಅದೂ .32. ಕಾಡತೂಸು ಬಿಟ್ಟು 700 ಗ್ರಾಂ, ನಳಿಗೆ 76 ಮಿಲಿಮೀಟರ್. ಹಳೇ ಮಾದರಿಗಳನ್ನು ಮಡಕತ್ತಿಯ ಹಾಗೆ ಮಧ್ಯಕ್ಕೆ ಮುರಿದು ತುಂಬಬೇಕು, ಇದರ ಚಕ್ರಿ ಪಕ್ಕಕ್ಕೆ ತೆರೆಯುತ್ತದೆ. ಹಿಡಿದು ನೋಡಿದೆ. ಕಿರುಬೆರಳಿಗೂ ಜಾಗ ಇತ್ತು. ಅಂಗಡಿಯವನ ಅನುಮತಿ ಕೇಳಿ, ಖಾಲಿ ಇದೆ ಅಂತ ಅವನೂ ನೋಡಿ ನಾನೂ ನೋಡಿ, ಗೋಡೆ ಕಡೆ ತಿರುಗಿಸಿ ಟ್ರಿಗರ್ ಎಳೆದೆ. ಇಪ್ಪತ್ತು ಸಲ. ಇಪ್ಪತ್ತನೇ ಸಲಕ್ಕೂ ಮೂತಿ ಅಲುಗಲಿಲ್ಲ. ಮೊದಲ ಎಳೆತಕ್ಕೆ ಎಲ್ಲ ಗನ್ನೂ ಚೆನ್ನಾಗಿರುತ್ತದೆ, ಬೆರಳು ಸೋತ ಮೇಲೆ ಹೇಗೆ ಅಂತ ನೋಡಬೇಕು. ಇದು ಯಾರೂ ಹೇಳಿಕೊಟ್ಟದ್ದಲ್ಲ, ಮಿಕ್ಸಿ ಕೊಳ್ಳುವಾಗ ಕಲಿತ ಬುದ್ಧಿ.

ಸ್ಟಾಕ್ ಬರೋಕೆ ಎರಡು ತಿಂಗಳು ಕಾದು, ತಂದ ಮೇಲೆ ಠಾಣೆಗೆ ತೋರಿಸಿ ಲೈಸೆನ್ಸ್‌ನಲ್ಲಿ ನಂಬರ್ ಬರೆಸಿದ್ದಾಯಿತು.

ಎಲ್ಲಿ ಇಟ್ಟುಕೊಳ್ಳುವುದು ಅನ್ನೋದು ಗಂಡಸರು ಬರೆದ ಯಾವ ಸಲಹೆಯಲ್ಲೂ ಸರಿಯಾಗಿ ಇಲ್ಲ. ಬೆಲ್ಟಿಗೆ ಹಾಕಿ ಅನ್ನುತ್ತಾರೆ. ಸಲ್ವಾರಿಗೆ ಎಲ್ಲಿಯ ಬೆಲ್ಟು, ಲಾಡಿ ತಾನೇ ಇರೋದು. ಏಳುನೂರು ಗ್ರಾಂ ಅದಕ್ಕೆ ಸಿಕ್ಕಿಸಿದರೆ ಆಗುವ ಅನಾಹುತ ನೀವೇ ಊಹಿಸಿ. ಪರ್ಸ್ ಬೇಡ ಅಂತ ಸೀಮೆಸುಣ್ಣ ಹೇಳಿತ್ತು. ಪರ್ಸ್ ಕಿತ್ತುಕೊಂಡರೆ ಗನ್ನನ್ನೂ ಅವನ ಕೈಗೇ ಕೊಟ್ಟ ಹಾಗೆ. ಸಂದರ್ಶನದ ಪ್ರಶ್ನೆ ಇಲ್ಲಿ ಮತ್ತೆ ನೆನಪಾಯಿತು. ಕೊನೆಗೆ ರಾತ್ರಿ ಪಾಳಿ ಇರುವ ದಿನ ಜೀನ್ಸ್, ಅಗಲ ಗಟ್ಟಿ ಬೆಲ್ಟ್, ಟ್ರಿಗರ್ ಪೂರ್ತಿ ಮುಚ್ಚುವ ಚರ್ಮದ ಚೀಲ, ಮೇಲೆ ಸಡಿಲ ಕುರ್ತಾ ಅಂತ ಆಯಿತು. ಚೀಲವನ್ನು ಚಪ್ಪಲಿ ಹೊಲಿಯುವ ಕಾಕಾ ಒಬ್ಬರಿಂದ ಮರದ ಗನ್ ಅಳತೆಗೆ ಮಾಡಿಸಿದೆ. ಮನೆಯಲ್ಲಿ ಗನ್ ಕಪಾಟಿನ ಒಳಲಾಕರಿನಲ್ಲಿ, ಕಾಡತೂಸು ಬೇರೆ ಲಾಕರಿನಲ್ಲಿ. ಎರಡು ಕೀಲಿಯೂ ನನ್ನ ಹತ್ತಿರ. ಮಗನಿಗೆ ಮುಚ್ಚಿಡಲಿಲ್ಲ. ಕ್ಲಬ್ಬಿಗೆ ಕರೆದೊಯ್ದು ಏರ್ ಪಿಸ್ತೂಲ್ ಹಿಡಿಸಿದೆ. ಎರಡು ವಾರದಲ್ಲಿ ಅವನ ಕುತೂಹಲ ಮುಗಿಯಿತು.

2024ರ ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ನೀತಿಸಂಹಿತೆ ಬಂತು. ಗನ್ ಠಾಣೆಯಲ್ಲಿ ಜಮಾ ಮಾಡಿ ಅಂತ ನೋಟಿಸ್. ಕೊಂಡು ನಾಲ್ಕು ತಿಂಗಳೂ ಆಗಿರಲಿಲ್ಲ. ಜೂನ್‌ನಲ್ಲಿ ವಾಪಸ್ ಸಿಕ್ಕಿತು. ಅಕ್ಟೋಬರ್‌ನಲ್ಲಿ ನವರಾತ್ರಿ. ಖಂಡೇನವಮಿಯ ದಿನ ಅತ್ತೆ ಹಠ ಹಿಡಿದರು. ಕುಡುಗೋಲು, ಸ್ಕ್ರೂಡ್ರೈವರ್, ಮಿಕ್ಸಿ, ಮಗನ ಲ್ಯಾಪ್‌ಟಾಪ್ ಎಲ್ಲ ಪೂಜೆಗಿಟ್ಟಿದ್ದಾರೆ. "ಖರೇ ಆಯುಧ ಅಂದ್ರ ಅದೊಂದs. ಅದನ್ನs ಒಳಗಿಟ್ರ ಹೆಂಗವಾ?" ಚಕ್ರಿ ತೆರೆದು ಆರೂ ಮನೆ ಖಾಲಿ ಅಂತ ಎರಡು ಸಲ ನೋಡಿ, ತಟ್ಟೆಯಲ್ಲಿ ಮೂತಿ ಗೋಡೆ ಕಡೆ ಮಾಡಿ ಇಟ್ಟೆ. ನಾನು ಹೂ ತರಲು ತಿರುಗುವಷ್ಟರಲ್ಲಿ ಅತ್ತೆ ನೀರಲ್ಲಿ ಕಲಸಿದ ಅರಿಶಿನ, ಕುಂಕುಮ ಧಾರಾಳವಾಗಿ ಹಚ್ಚಿದ್ದರು. ಕುದುರೆಯ ಸಂದಿಗೂ.

ಒರೆಸಿದೆ, ಎಣ್ಣೆ ಹಾಕಿದೆ. ಸಂದಿಯದ್ದು ಹೋಗಲಿಲ್ಲ. ಅಕ್ಟೋಬರ್ 15ಕ್ಕೆ ವಿಧಾನಸಭೆ ಚುನಾವಣೆ ಘೋಷಣೆ, ಮತ್ತೆ ನೋಟಿಸ್. ಠಾಣೆಯಲ್ಲಿ ಹವಾಲ್ದಾರರು ರಿಜಿಸ್ಟರ್ ತೆರೆದು, ಗನ್ ತಿರುಗಿಸಿ ನಂಬರ್ ಓದಲು ಹೋದವರು ಬೆರಳು ನೋಡಿಕೊಂಡರು. ಹಳದಿ.

"ತಾಈ, ಪೂಜಾ ಝಾಲೀ ವಾಟ್ತೇ" ಅಂದರು. ಅಕ್ಕಾ, ಪೂಜೆ ಆದ ಹಾಗಿದೆ ಅಂತ. ಇಪ್ಪತ್ತೊಂದು ವರ್ಷವಾದರೂ ಮರಾಠಿಯ ಅಕ್ಕ ನನ್ನ ಕಿವಿಗೆ ಕನ್ನಡದ ತಾಯಿಯಾಗಿಯೇ ಕೇಳುತ್ತದೆ.

ನವೆಂಬರ್ ಕೊನೆಗೆ ವಾಪಸ್ ತಂದು, ಹಳೇ ಟೂತ್‌ಬ್ರಶ್ ಹಿಡಿದು ಅಡುಗೆಮನೆ ಕಟ್ಟೆಯ ಮೇಲೆ ಕೂತೆ. ಕಟ್ಟೆಯ ಮೇಲೆ ಹಳೇ ಪೇಪರು, ಅದರ ಮೇಲೆ ಹಳದಿ ಪುಡಿ ಉದುರುತ್ತಿತ್ತು. ಅತ್ತೆ ಬಂದು ನೋಡಿ, "ಅಷ್ಟs ಇರಲಿ ಬಿಡವಾ ಒಂದೀಟು" ಅಂದರು.